ಅಮೆರಿಕದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವ ಕಾನೂನು: ಯಾವ ರಾಜ್ಯ, ಯಾವ ಬಾಗಿಲು?

"ಅಮೆರಿಕದಲ್ಲಿ ಯಾರು ಬೇಕಾದರೂ ಗನ್ ಇಟ್ಟುಕೊಂಡು ಓಡಾಡಬಹುದು" ಅಂತ ಪರೀಕ್ಷೆಯಲ್ಲಿ ಉತ್ತರ ಬರೆಯಬೇಡಿ. ನಮ್ಮಲ್ಲಿ ಶಸ್ತ್ರಾಸ್ತ್ರ ಕೇಂದ್ರ ಪಟ್ಟಿಯ ವಿಷಯ, 1959ರ ಕಾಯ್ದೆಯೇ ಇಡೀ ದೇಶಕ್ಕೆ. ಅಲ್ಲಿ ಹಾಗಲ್ಲ. ರಾಜ್ಯದ ಗಡಿ ದಾಟಿದರೆ ನಿಯಮವೇ ಬೇರೆ.

ಮುಖ್ಯವಾಗಿ ಓದಬೇಕಾದ್ದು ಅಮೆರಿಕದ ಸುಪ್ರೀಂ ಕೋರ್ಟಿನ ಬ್ರೂಯೆನ್ ಪ್ರಕರಣ. ನ್ಯೂಯಾರ್ಕ್‌ನಲ್ಲಿ 1911ರ ಸಲಿವನ್ ಕಾಯ್ದೆಯ ಕಾಲದಿಂದ ಲೈಸೆನ್ಸ್ ವಿಷಯ ಬಿಗಿ. ಸುಮ್ನೆ ಆತ್ಮರಕ್ಷಣೆಗೆ ಅಂದರೆ ಸಾಲದು, ಬೇರೆಯವರಿಗಿಲ್ಲದ ಅಪಾಯ ತನಗಿದೆ ಅಂತ ತೋರಿಸಬೇಕಿತ್ತು. 2022ರ ಜೂನ್‌ನಲ್ಲಿ ಬ್ರೂಯೆನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 6-3 ಬಹುಮತದಿಂದ ಈ ಷರತ್ತನ್ನು ಹೊಡೆದುಹಾಕಿತು. ಲೈಸೆನ್ಸ್ ಕೇಳುವುದೇ ತಪ್ಪು ಅಂತ ಮಾತ್ರ ಕೋರ್ಟ್ ಹೇಳಲಿಲ್ಲ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ನ್ಯೂಯಾರ್ಕ್ ಕೂಡ ಸುಮ್ಮನಿರಲಿಲ್ಲ. ಅದೇ ವರ್ಷ ಹೊಸ ಕಾನೂನು ತಂದು ಸಬ್‌ವೇ, ಪಾರ್ಕು, ಟೈಮ್ಸ್ ಸ್ಕ್ವೇರ್ ಎಲ್ಲವನ್ನೂ ನಿಷೇಧದ ಪಟ್ಟಿಗೆ ಸೇರಿಸಿತು. ಆಮೇಲೆ ಆ ಪಟ್ಟಿಯೂ ಕೋರ್ಟ್ ಮೆಟ್ಟಿಲೇರಿತು.

ಟೆಕ್ಸಾಸ್ ಇದಕ್ಕೆ ತದ್ವಿರುದ್ಧ. 2021ರ ಸೆಪ್ಟೆಂಬರ್‌ನಿಂದ 21 ದಾಟಿದ, ಬೇರೆ ಕಾನೂನಿನ ಅಡ್ಡಿಯಿಲ್ಲದವರಿಗೆ ಪಿಸ್ತೂಲು ಒಯ್ಯಲು ಪರ್ಮಿಟ್ (ಲೈಸೆನ್ಸ್) ಬೇಕಿಲ್ಲ. ಆದರೆ ಅಂಗಡಿ ಬಾಗಿಲು ನೋಡಿ. 30.06 ಅಂತ ಬೋರ್ಡಿದ್ದರೆ ಲೈಸೆನ್ಸ್ ಇದ್ದವರೂ ಬಟ್ಟೆಯೊಳಗೆ ಮುಚ್ಚಿಟ್ಟು ತರುವಂತಿಲ್ಲ. 30.07 ಅಂತಿದ್ದರೆ ಸೊಂಟದಲ್ಲಿ ಕಾಣುವಂತೆ ತರುವಂತಿಲ್ಲ. ಇವು ಅಲ್ಲಿನ ದಂಡ ಸಂಹಿತೆಯ ಸೆಕ್ಷನ್ ನಂಬರುಗಳು. ಬೋರ್ಡು ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಕನಿಷ್ಠ ಒಂದು ಇಂಚು ಎತ್ತರ! ಬಾರಿನ ಬಾಗಿಲಲ್ಲಿ ಕೆಂಪು '51%' ಕಂಡರೆ, ಅಲ್ಲಿ ಕೂತು ಕುಡಿಯುವವರಿಂದಲೇ ಅರ್ಧಕ್ಕಿಂತ ಜಾಸ್ತಿ ಆದಾಯ ಅಂತ ಲೆಕ್ಕ. ಅಲ್ಲಿಗೂ ಪಿಸ್ತೂಲು ತರುವಂತಿಲ್ಲ.

ಕ್ಯಾಲಿಫೋರ್ನಿಯಾ ಇತಿಹಾಸ ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನಿಸಿದ್ದು. 1967ರ ಮೇನಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಯವರು ಬಂದೂಕು ಹಿಡಿದು ರಾಜಧಾನಿ ಸ್ಯಾಕ್ರಮೆಂಟೊದ ಶಾಸನಸಭೆಯೊಳಗೇ ನಡೆದರು. ಗುಂಡು ತುಂಬಿದ ಬಂದೂಕನ್ನು ಸಾರ್ವಜನಿಕವಾಗಿ ಒಯ್ಯುವುದಕ್ಕೆ ತಡೆ ಹಾಕುವ ಮಸೂದೆ ಆಗಲೇ ಸದನದ ಮುಂದಿತ್ತು. ಬೇಗ ಪಾಸಾಯಿತು. ಸಹಿ ಹಾಕಿದ್ದು ರಿಪಬ್ಲಿಕನ್ ಗವರ್ನರ್ ರೊನಾಲ್ಡ್ ರೇಗನ್. ಇಂದು ಬಂದೂಕಿನ ಮೇಲಿನ ನಿರ್ಬಂಧಗಳನ್ನು ವಿರೋಧಿಸುವ ಪಕ್ಷ ಅದೇ ಅಂದರೆ ನಂಬೋದೇ ಕಷ್ಟ, ಅಲ್ವಾ?

ಒಂದು ರಾಜ್ಯದ ಪರ್ಮಿಟ್ ಇನ್ನೊಂದರಲ್ಲಿ ನಡೆಯಲೇಬೇಕು ಅಂತಿಲ್ಲ. ಪೆನ್ಸಿಲ್ವೇನಿಯಾದ್ದನ್ನು ನ್ಯೂಯಾರ್ಕ್ ಒಪ್ಪೋದಿಲ್ಲ.

ಅಲ್ಲಿರುವ ನಮ್ಮವರ ವಿಷಯಕ್ಕೆ ಬಂದರೆ, ಎಚ್-1ಬಿ ವೀಸಾದವರಿಗೆ ಬಂದೂಕು ಇಟ್ಟುಕೊಳ್ಳುವುದನ್ನೇ ಫೆಡರಲ್ (ಅಂದರೆ ಕೇಂದ್ರದ) ಕಾನೂನು ತಡೆಯುತ್ತದೆ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ, ಅಷ್ಟೆ. ಟೆಕ್ಸಾಸ್‌ನಲ್ಲಿದ್ದರೂ ಇದೇ ನಿಯಮ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ.