ನಕಲಿ ವೈರಸ್ ಎಚ್ಚರಿಕೆ: ಇದನ್ನು ಹೇಳುತ್ತಿರುವುದು ಯಾರು?

ಏನೋ ಓದುತ್ತಾ ಕೂತಿರುತ್ತೇವೆ. ಇದ್ದಕ್ಕಿದ್ದಂತೆ ಪರದೆಯೆಲ್ಲ ಕೆಂಪಾಗುತ್ತದೆ. 'ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಸಿಕ್ಕಿದೆ, ಆಫ್ ಮಾಡಬೇಡಿ' ಎಂಬ ಬರಹ, ಕಿವಿಗೆ ಬಡಿಯುವ ಸೈರನ್, ಕೆಳಗೊಂದು ಫೋನ್ ನಂಬರ್. ಮೌಸ್ ಬಾಣವೂ ಮಾಯ. ಆ ಹೊತ್ತಿಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದನ್ನು ಹೇಳುತ್ತಿರುವುದು ಯಾರು? ನನ್ನ ಕಂಪ್ಯೂಟರಾ, ಇಲ್ಲ ಬ್ರೌಸರ್ ಒಳಗಿನ ಒಂದು ಪುಟವಾ?

ಈ ವ್ಯತ್ಯಾಸ ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ. ಅದಕ್ಕೇ ಮೊದಲು ಅದನ್ನೇ ನೋಡೋಣ.

ಪುಟದ ಕಣ್ಣಿಗೆ ಬೀಳುವುದೆಷ್ಟು

ಬ್ರೌಸರ್ ಪ್ರತಿಯೊಂದು ಪುಟವನ್ನೂ ಬೇಲಿ ಹಾಕಿದ ಜಾಗದಲ್ಲಿ ಇಟ್ಟು ನಡೆಸುತ್ತದೆ. ಇದಕ್ಕೆ ಸ್ಯಾಂಡ್‌ಬಾಕ್ಸ್ ಎನ್ನುತ್ತಾರೆ. ನಾವಾಗಿ ಒಂದು ಫೈಲ್ ಆರಿಸಿ ಕೊಡದೆ ಪುಟ ನಮ್ಮ ಫೈಲುಗಳನ್ನು ತೆರೆದು ನೋಡಲಾರದು. ಅಂದ ಮೇಲೆ ಪುಟ ನಮ್ಮ ಡಿಸ್ಕ್ ಸ್ಕ್ಯಾನ್ ಮಾಡುವುದು ಎಲ್ಲಿಂದ ಬಂತು? 'ಸ್ಕ್ಯಾನ್ ಆಗುತ್ತಿದೆ' ಎಂದು ಶೇಕಡಾ 1ರಿಂದ 100ರವರೆಗೆ ಓಡುವ ಗೆರೆ ಬರೀ ಚಿತ್ರ. ಸಿಕ್ಕಿತು ಎನ್ನುವ ವೈರಸ್‌ಗಳ ಹೆಸರೂ ಮೊದಲೇ ಬರೆದಿಟ್ಟದ್ದು. ಮ್ಯಾಕ್ ಬಳಸುವವರಿಗೂ ಇಂಥ ಪುಟಗಳು ವಿಂಡೋಸ್‌ನ ಸಿ ಡ್ರೈವ್ ತೋರಿಸಿದ್ದುಂಟು. ಮ್ಯಾಕ್‌ನಲ್ಲಿ ಸಿ ಡ್ರೈವ್ ಇರುವುದೇ ಇಲ್ಲ.

ಎಷ್ಟೋ ಸಲ ಇಂಥ ಪುಟ ನಮ್ಮ ಊರಿನ ಹೆಸರನ್ನೂ ತೋರಿಸುತ್ತದೆ. ಹಾಗಾದರೆ ಅದಕ್ಕೆ ಹೇಗೆ ಗೊತ್ತಾಯಿತು? ತುಂಬಾ ಜನರು ನಂಬಿಬಿಡುವುದು ಇಲ್ಲಿಯೇ. ನಾವು ತೆರೆಯುವ ಪ್ರತಿ ಜಾಲತಾಣಕ್ಕೂ ನಮ್ಮ ಐಪಿ ವಿಳಾಸ, ಅಂದರೆ ನಮ್ಮ ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ, ತಿಳಿಯುತ್ತದೆ, ಇಲ್ಲದಿದ್ದರೆ ಅದು ಪುಟವನ್ನು ನಮಗೆ ಕಳಿಸಲಾಗದು. ಐಪಿಯಿಂದ ಊರು ಯಾವುದು, ಇಂಟರ್‌ನೆಟ್ ಕೊಡುವ ಕಂಪನಿ ಯಾವುದು ಎಂದು ಸುಮಾರಾಗಿ ಊಹಿಸಬಹುದು. ಯಾವ ಬ್ರೌಸರ್, ವಿಂಡೋಸಾ ಮ್ಯಾಕಾ ಎಂಬುದನ್ನು ಬ್ರೌಸರೇ ಹೇಳಿಬಿಡುತ್ತದೆ. ಇದು ಲಕೋಟೆಯ ಮೇಲಿನ ವಿಳಾಸ ಓದಿದ ಹಾಗೆ. ಒಳಗಿನ ಕಾಗದ ಓದಿದ ಹಾಗಲ್ಲ.

ನಿಜವಾದ ಎಚ್ಚರಿಕೆ ಬರುವುದು ಕಂಪ್ಯೂಟರ್‌ನಲ್ಲಿ ಮೊದಲೇ ಇರುವ ಆಂಟಿವೈರಸ್‌ನಿಂದ. ಅನುಮಾನ ಬಂದರೆ ಆ ಸಂದೇಶ ಒತ್ತಬೇಡಿ. ಸ್ಟಾರ್ಟ್ ಮೆನುವಿನಿಂದ ನೀವೇ ವಿಂಡೋಸ್‌ನ ಸ್ವಂತ ರಕ್ಷಣಾ ತಂತ್ರಾಂಶ 'ವಿಂಡೋಸ್ ಸೆಕ್ಯುರಿಟಿ' ತೆರೆದು ನೋಡಿ. ಅಪಾಯ ನಿಜವಾಗಿದ್ದರೆ ಅಲ್ಲಿಯೂ ಕಾಣಬೇಕು ಅಲ್ವಾ? ಇನ್ನೊಂದು ಗುರುತು: ತನ್ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ನಂಬರ್ ಕಂಡರೆ ಅಲ್ಲಿಗೆ ಮುಗಿಯಿತು, ಅದು ನಕಲಿ.

ಪರದೆ ಸಿಕ್ಕಿಹಾಕಿಕೊಂಡರೆ

ಕಂಪ್ಯೂಟರ್ ಲಾಕ್ ಆಗಿರುವುದಿಲ್ಲ. ಪುಟ ಫುಲ್ ಸ್ಕ್ರೀನ್ ಆಗಿರುತ್ತದೆ, ಅಷ್ಟೇ. ಎಸ್ಕೇಪ್ ಕೀಲಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ, ಇಲ್ಲವೇ ಎಫ್11 ಒತ್ತಿ. ಆಗಲೂ ಮುಚ್ಚದಿದ್ದರೆ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಬ್ರೌಸರ್ ಆರಿಸಿ 'ಎಂಡ್ ಟಾಸ್ಕ್' ಕೊಡಿ. ಮ್ಯಾಕ್‌ನಲ್ಲಿ ಕಮಾಂಡ್, ಆಪ್ಷನ್, ಎಸ್ಕೇಪ್. ಪುಟದ ಒಳಗೆ ಕಾಣುವ 'ಮುಚ್ಚು' ಗುಂಡಿಯನ್ನು ಮಾತ್ರ ಒತ್ತಬೇಡಿ, ಅದೂ ಅವರೇ ಇಟ್ಟದ್ದು. ಬ್ರೌಸರ್ ಮತ್ತೆ ತೆರೆದಾಗ 'ಹಿಂದಿನ ಪುಟಗಳನ್ನು ಮರಳಿ ತರಲೇ' ಎಂದು ಕೇಳಿದರೆ ಬೇಡ ಎನ್ನಿ.

ಇಂಥ ಪುಟ ಬಂದ ಮಾತ್ರಕ್ಕೆ ನೀವೇನೋ ತಪ್ಪು ಮಾಡಿದಿರಿ ಎಂದಲ್ಲ. ಒಳ್ಳೆಯ ತಾಣದಲ್ಲಿ ನುಸುಳಿದ ಒಂದು ಜಾಹೀರಾತು ಅಥವಾ ವಿಳಾಸದಲ್ಲಿ ತಪ್ಪಾದ ಒಂದು ಅಕ್ಷರ ಸಾಕು.

ಪರದೆಯ ಮೂಲೆಯಲ್ಲಿ ದಿನವೂ ಇಣುಕುವ ಎಚ್ಚರಿಕೆಗಳ ಕಥೆ ಬೇರೆ. ಯಾವುದೋ ತಾಣ 'ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ (Allow, ಅಂದರೆ ಅನುಮತಿಸು) ಒತ್ತಿ' ಎಂದಿರುತ್ತದೆ. ನಾವು ಒತ್ತಿರುತ್ತೇವೆ. ಅಲ್ಲಿಗೆ ನೋಟಿಫಿಕೇಶನ್ ಕಳಿಸಲು ಒಪ್ಪಿಗೆ ಕೊಟ್ಟಂತಾಯಿತು. ಅವು ವಿಂಡೋಸ್‌ನ ಸ್ವಂತ ಸಂದೇಶಗಳ ಪಕ್ಕದಲ್ಲೇ ಬರುವುದರಿಂದ ಗೊತ್ತೇ ಆಗುವುದಿಲ್ಲ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಹುಡುಕಿ, ಗುರುತಿಲ್ಲದ ತಾಣಗಳನ್ನೆಲ್ಲ ತೆಗೆಯಿರಿ. ವೈರಸ್ ಎಂದುಕೊಂಡದ್ದು ಎಷ್ಟೋ ಸಲ ಇಷ್ಟರಲ್ಲೇ ನಿಲ್ಲುತ್ತದೆ.

ಫೋನ್ ಮಾಡಿದರೆ ನಡೆಯುವುದೇನು

ನನ್ನ ಪ್ರಕಾರ ಸರಿಯಾಗಿ ಕಲಿಯಬೇಕಾದದ್ದು ಈ ಭಾಗ, ಏಕೆಂದರೆ ಹಣ ಹೋಗುವುದು ಇಲ್ಲಿ. ಫೋನ್ ಎತ್ತಿದವರು ಸಮಾಧಾನದಿಂದ ಮಾತಾಡುತ್ತಾರೆ. ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ತಂತ್ರಾಂಶ ಹಾಕಿಸುತ್ತಾರೆ. ಈ ತಂತ್ರಾಂಶಗಳು ಕೆಟ್ಟವಲ್ಲ, ಆದರೆ ಕೀಲಿಕೈ ಈಗ ಅಪರಿಚಿತರ ಕೈಯಲ್ಲಿದೆ. ಆಮೇಲೆ ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ 'ಇವೆಂಟ್ ವ್ಯೂವರ್' ತೆರೆದು ಕೆಂಪು ಗುರುತಿನ ಸಾಲುಗಳನ್ನು ತೋರಿಸುತ್ತಾರೆ. ಆರೋಗ್ಯವಾಗಿರುವ ವಿಂಡೋಸ್‌ನಲ್ಲೂ ಅವು ರಾಶಿಗಟ್ಟಲೆ ಇರುತ್ತವೆ. ಆದೇಶಗಳನ್ನು ಟೈಪ್ ಮಾಡುವ ಕಪ್ಪು ಪರದೆಯಲ್ಲಿ 'ನೆಟ್‌ಸ್ಟ್ಯಾಟ್' (ಈಗಿರುವ ಸಂಪರ್ಕಗಳನ್ನು ತೋರಿಸುವ ಆದೇಶ) ಎಂದು ಟೈಪ್ ಮಾಡಿ, 'ಫಾರಿನ್ ಅಡ್ರೆಸ್' ಎಂಬ ಕಾಲಂ ತೋರಿಸಿ, ನೋಡಿ ವಿದೇಶಿ ಹ್ಯಾಕರ್‌ಗಳು ಎನ್ನುತ್ತಾರೆ. ಅಲ್ಲಿ ಫಾರಿನ್ ಅಂದರೆ ಸಂಪರ್ಕದ ಆ ಕಡೆಯ ತುದಿ, ಅಷ್ಟೇ. ನೀವು ತೆರೆದ ಸಾಮಾನ್ಯ ತಾಣವೂ ಅದರಲ್ಲಿರುತ್ತದೆ.

ಕೊನೆಗೆ ಹಣ. ಗಿಫ್ಟ್ ಕಾರ್ಡ್ ನಂಬರ್ ಕೇಳಿದರೆ ತಕ್ಷಣ ಫೋನ್ ಇಡಿ. ದುರಸ್ತಿಯ ಶುಲ್ಕವನ್ನು ಗಿಫ್ಟ್ ಕಾರ್ಡ್‌ನಲ್ಲಿ ಕೇಳುವ ನಿಜವಾದ ಕಂಪನಿ ಇಲ್ಲ.

ಇದು ಹೊಸ ಆಟವೇನಲ್ಲ. ಹೆದರಿಸಿ ಮಾರುವ ಇಂಥ ತಂತ್ರಾಂಶಕ್ಕೆ ಸ್ಕೇರ್‌ವೇರ್ ಎಂಬ ಹೆಸರೇ ಇದೆ. ವಿನ್‌ಫಿಕ್ಸರ್, ಎಕ್ಸ್‌ಪಿ ಆಂಟಿವೈರಸ್ ಎಂಬ ಹೆಸರಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಮೋಸವಾಗಿದೆ ಎಂದು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ಕೋರ್ಟಿಗೆ ಹೋಯಿತು. 2012ರಲ್ಲಿ ಆ ಪ್ರಕರಣದಲ್ಲಿ 16.3 ಕೋಟಿ ಡಾಲರ್ ಕಟ್ಟಬೇಕೆಂದು ತೀರ್ಪು ಬಂತು.

ಈಗಾಗಲೇ ಒಳಗೆ ಬಿಟ್ಟಿದ್ದರೆ

ಮೊದಲು ಇಂಟರ್‌ನೆಟ್ ಕಡಿಯಿರಿ. ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕೀಳಿ. ಅವರು ಹಾಕಿಸಿದ ತಂತ್ರಾಂಶ ತೆಗೆಯಿರಿ. ಪಾಸ್‌ವರ್ಡ್‌ಗಳನ್ನು ಬೇರೊಂದು ಸಾಧನದಿಂದ ಬದಲಿಸಿ, ಇಮೇಲ್‌ನದ್ದನ್ನು ಎಲ್ಲಕ್ಕಿಂತ ಮೊದಲು. ಉಳಿದ ಖಾತೆಗಳೆಲ್ಲ ಮರಳಿ ಸಿಗುವುದು ಅದರ ಮೂಲಕವೇ. ಹಣ ಕೊಟ್ಟಿದ್ದರೆ ಕಾರ್ಡಿನ ಹಿಂದಿರುವ ನಂಬರಿಗೆ ಕರೆ ಮಾಡಿ ಬ್ಯಾಂಕಿಗೆ ತಿಳಿಸಿ. ನಾಚಿಕೆಯಿಂದ ತಡ ಮಾಡಬೇಡಿ, ಇಲ್ಲಿ ಪ್ರತಿ ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಎಲ್ಲ ಆದ ಮೇಲೆ ವಿಂಡೋಸ್ ಸೆಕ್ಯುರಿಟಿಯ ಆಫ್‌ಲೈನ್ ಸ್ಕ್ಯಾನ್ (ಕಂಪ್ಯೂಟರ್ ಮರುಚಾಲನೆಯಾಗಿ, ವಿಂಡೋಸ್ ಶುರುವಾಗುವ ಮೊದಲೇ ನಡೆಯುವ ತಪಾಸಣೆ) ಒಮ್ಮೆ ಮಾಡಿಸಿ.

ಸ್ವಲ್ಪ ದಿನ ಬಿಟ್ಟು ಇನ್ನೊಂದು ಕರೆ ಬರಬಹುದು: 'ನಿಮ್ಮ ಹಣ ವಾಪಸ್ ಕೊಡುತ್ತೇವೆ, ಕಂಪ್ಯೂಟರ್‌ನಲ್ಲಿ ನಿಮ್ಮ ಬ್ಯಾಂಕ್ ಖಾತೆಗೆ ಲಾಗಿನ್ ಆಗಿ.' ಲಾಗಿನ್ ಆದರೆ ಅವರು ಮತ್ತೆ ದೂರದಿಂದಲೇ ಬ್ರೌಸರ್‌ನಲ್ಲಿ ಕಾಣುವ ಅಂಕಿಯನ್ನಷ್ಟೇ ತಿದ್ದಿ, 'ಅಯ್ಯೋ, ಜಾಸ್ತಿ ಹಾಕಿಬಿಟ್ಟೆವು, ಮಿಕ್ಕಿದ್ದು ಕಳಿಸಿ' ಎನ್ನುತ್ತಾರೆ. ಪುಟವನ್ನು ಮತ್ತೊಮ್ಮೆ ಲೋಡ್ ಮಾಡಿದರೆ ಹಳೆಯ ಅಂಕಿಯೇ ಬರುತ್ತದೆ. ಆದರೆ ಅಲ್ಲಿಯವರೆಗೆ ಹೋಗುವುದೇ ಬೇಡ. ಆ ಕರೆಯನ್ನು ಅಲ್ಲಿಗೇ ಕತ್ತರಿಸಿ.