ಬಚ್ಚಲಲ್ಲಿ ಬಡಿದ ಸಿಡಿಲು

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮ ಹಂಡೆಯ ಬಿಸಿನೀರು ತಲೆಗೆ ಹೊಯ್ದುಕೊಂಡ ಕೂಡಲೇ ಕೂಗಿಕೊಂಡರು. ಬಾಗಿಲು ದೂಡಿ ನೋಡಿದರೆ ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದರು. 'ಸಿಡಿಲು ಬಡಿದ ಹಾಗಾಯ್ತು' ಎಂದರು. ಪಿತ್ತ ಅಂದರು ಒಬ್ಬರು, ಗ್ಯಾಸು ಅಂದರು ಇನ್ನೊಬ್ಬರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಬಿಪಿ ನೋಡಿ, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಎರಡು ದಿನ ಬಿಟ್ಟು ಮತ್ತೆ ಅದೇ ಬಚ್ಚಲು, ಅದೇ ಬಡಿತ.

ನೋವು ಎಷ್ಟು ಹೊತ್ತಿನಲ್ಲಿ ಏರಿತು ಎಂದು ಅಲ್ಲಿ ಯಾರೂ ಕೇಳಲಿಲ್ಲ. ನನಗೆ ಇವತ್ತಿಗೂ ಬೇಜಾರು ಇರುವುದು ಅದಕ್ಕೇ. ಮೈಗ್ರೇನ್ ಸಾಮಾನ್ಯವಾಗಿ ನಿಧಾನಕ್ಕೆ ಏರುತ್ತದೆ. ಒಂದು ನಿಮಿಷದೊಳಗೆ ತುದಿ ಮುಟ್ಟುವ ತಲೆನೋವೇ ಬೇರೆ. ಅದರ ಹಿಂದೆ ಏನಿರಬಹುದು ಎಂದು ತಿಳಿಯಲು ವೈದ್ಯರಿಗೆ ನೂರು ವರ್ಷ ಹಿಡಿಯಿತು.

ಮೊದಲು ಗೊತ್ತಾಗಿದ್ದು ರಕ್ತಸ್ರಾವ. ಮಿದುಳಿನ ರಕ್ತನಾಳದಲ್ಲಿ ಸಣ್ಣ ಗುಳ್ಳೆ ಎದ್ದು, ಒಂದು ದಿನ ಒಡೆಯುತ್ತದೆ. ಹಿಂದೆ ಇದು ತಿಳಿಯುತ್ತಿದ್ದದ್ದು ಹೆಚ್ಚಾಗಿ ರೋಗಿ ಸತ್ತ ಮೇಲೆ. 1891ರಲ್ಲಿ ಜರ್ಮನಿಯ ವೈದ್ಯ ಕ್ವಿಂಕೆ ಬೆನ್ನುಮೂಳೆಯ ನಡುವೆ ಸೂಜಿ ಹಾಕಿ, ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ನೀರು ತೆಗೆಯುವುದನ್ನು ತೋರಿಸಿದರು. ಆ ನೀರಿನಲ್ಲಿ ರಕ್ತ ಕಂಡರೆ ಬದುಕಿರುವಾಗಲೇ ಸುಳಿವು ಸಿಗುವಂತಾಯಿತು. 1927ರಲ್ಲಿ ಪೋರ್ಚುಗಲ್‌ನ ಮೊನೀಜ್ ರಕ್ತನಾಳಗಳನ್ನೇ ಎಕ್ಸ್‌ರೇಯಲ್ಲಿ ಕಾಣಿಸಿದರು. 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಇಂಥ ಗುಳ್ಳೆಯ ಕತ್ತಿಗೆ ಕ್ಲಿಪ್ ಹಾಕಿದರು. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ಸಿಟಿ ಸ್ಕ್ಯಾನ್ ಆಯಿತು.

1986ರಲ್ಲಿ ಡೇ ಮತ್ತು ರಾಸ್ಕಿನ್ ಎಂಬ ಇಬ್ಬರು ವೈದ್ಯರು 42 ವರ್ಷದ ಒಬ್ಬ ಹೆಂಗಸಿನ ಬಗ್ಗೆ ಬರೆದರು. ಆಕೆಗೂ ಹೀಗೇ ಮತ್ತೆ ಮತ್ತೆ ಬಡಿಯುತ್ತಿತ್ತು. ಗುಳ್ಳೆ ಇತ್ತು, ಆದರೆ ಒಡೆದಿರಲಿಲ್ಲ. ಈ ನೋವಿಗೆ ಅವರು ಸಿಡಿಲಿನ ಹೆಸರನ್ನೇ ಇಟ್ಟರು. ನಮ್ಮ ಚಿಕ್ಕಮ್ಮನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಏಪ್ರಿಲ್, ಮೇ ತಿಂಗಳ ಮಲೆನಾಡಿನ ಸಿಡಿಲು ಕಂಡವರಿಗೆ ಬೇರೆ ಮಾತು ಹೊಳೆಯುವುದೂ ಇಲ್ಲ, ಅಲ್ವಾ?

ಆ ಹೆಂಗಸಿನ ರಕ್ತನಾಳದ ಚಿತ್ರದಲ್ಲಿ ಇನ್ನೊಂದು ವಿಷಯ ಇತ್ತು. ಮಿದುಳಿನ ರಕ್ತನಾಳಗಳು ಅಲ್ಲಲ್ಲಿ ಬಿಗಿದುಕೊಂಡಿದ್ದವು. 1988ರಲ್ಲಿ ಕಾಲ್ ಮತ್ತು ಫ್ಲೆಮಿಂಗ್ ಎಂಬ ವೈದ್ಯರು ಇಂಥದೇ ಕೆಲವು ರೋಗಿಗಳನ್ನು ವಿವರಿಸಿದರು. ಬೇರೆ ಬೇರೆ ಹೆಸರಿನಲ್ಲಿ ಚದುರಿಹೋಗಿದ್ದ ಈ ತೊಂದರೆಗೆ 2007ರಲ್ಲಿ ಒಂದೇ ಹೆಸರು ಬಂತು. ರಿವರ್ಸಿಬಲ್ ಸೆರೆಬ್ರಲ್ ವ್ಯಾಸೋಕನ್‌ಸ್ಟ್ರಿಕ್ಷನ್ ಸಿಂಡ್ರೋಮ್, ಚಿಕ್ಕದಾಗಿ ಆರ್‌ಸಿವಿಎಸ್. ರಕ್ತನಾಳ ಬಿಗಿಯುತ್ತದೆ, ಸಡಿಲವಾಗುತ್ತದೆ, ಚಿತ್ರದಲ್ಲಿ ಮಣಿಸರದ ಹಾಗೆ ಕಾಣುತ್ತದೆ. ಒಂದೆರಡು ವಾರ ನೋವು ಮರಳಿ ಮರಳಿ ಬಡಿಯುತ್ತದೆ. ಕೆಮ್ಮು, ತಿಣುಕುವುದು, ಭಾರ ಎತ್ತುವುದು, ಹೆರಿಗೆ, ಮೂಗು ಕಟ್ಟಿದ್ದಕ್ಕೆ ತಗೊಳ್ಳುವ ಕೆಲವು ಔಷಧಿ ಇದಕ್ಕೆ ಕಾರಣವಾಗಬಹುದು. ಸ್ನಾನವೂ ಆಗಬಹುದು. ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಪಾರ್ಶ್ವವಾಯು ಹೊಡೆಯುತ್ತದೆ. ಮೊದಲ ಸ್ಕ್ಯಾನ್ ಸರಿ ಇದ್ದ ಮಾತ್ರಕ್ಕೆ ಇದು ಇಲ್ಲ ಎನ್ನುವಂತಿಲ್ಲ.

ಬಾಣಂತಿಯರ ತಲೆನೋವನ್ನಂತೂ ನಮ್ಮ ಕಡೆ ಸುಮ್ನೆ ಬಿಡಲೇಬಾರದು. ಹೆರಿಗೆಯಾದ ಮೇಲೆ ಕೆಲವು ವಾರ ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿ ಇರುತ್ತದೆ. ಮಿದುಳಿನಿಂದ ರಕ್ತ ಹೊರಗೆ ಹೋಗುವ ನಾಳದಲ್ಲೇ ಹೆಪ್ಪುಗಟ್ಟಿದರೆ ತಲೆನೋವು ಬರುತ್ತದೆ. ಹಲವರಿಗೆ ದಿನದಿಂದ ದಿನಕ್ಕೆ ಏರುತ್ತದೆ, ಕೆಲವರಿಗೆ ಒಮ್ಮೆಲೇ. ಆಮೇಲೆ ಫಿಟ್ಸ್ ಬರಬಹುದು, ಒಂದು ಕೈ ಸೋಲಬಹುದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇದರ ಬಗ್ಗೆ ಬರೆದಿದ್ದಾರೆ. 'ಬಾಣಂತಿ ಜಾಸ್ತಿ ನೀರು ಕುಡಿಯಬಾರದು' ಎನ್ನುವ ಮನೆಗಳು ಇನ್ನೂ ಇವೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಇನ್ನಷ್ಟು ಗಟ್ಟಿಯಾಗುತ್ತದೆ. ಬಾಣಂತನದ ಎಣ್ಣೆನೀರು, ಖಾರ, ಕಷಾಯದ ಮೇಲೆ ನನಗೆ ಗೌರವ ಇದೆ. ಆದರೆ ಬಾಯಾರಿದ ಬಾಣಂತಿಗೆ ನೀರು ಕೊಡಿ.

ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಬರುವ ತಲೆನೋವು ಬೇರೆ. ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ಸೂಜಿಯ ತೂತಿನಿಂದ ಬೆನ್ನುನೀರು ಸೋರುವುದೇ ಇದಕ್ಕೆ ಕಾರಣ. 1898ರಲ್ಲಿ ಜರ್ಮನಿಯ ಆಗಸ್ಟ್ ಬೀರ್ ಈ ಪ್ರಯೋಗವನ್ನು ತಮ್ಮ ಮೇಲೇ ಮಾಡಿಸಿಕೊಂಡು, ಒಂಬತ್ತು ದಿನ ಇದೇ ನೋವು ತಿಂದರು.

ಕಾರಣಗಳು ಇನ್ನೂ ಇವೆ. ಕುತ್ತಿಗೆಗೆ ಜೋರಾಗಿ ಎಳೆತ ಬಿದ್ದರೆ ಅಲ್ಲಿನ ರಕ್ತನಾಳದ ಒಳಪದರ ಸೀಳಬಹುದು. ಕ್ಷೌರದಂಗಡಿಯಲ್ಲಿ ಕುತ್ತಿಗೆಯ ಲಟಿಕೆ ತೆಗೆಸಿಕೊಳ್ಳುವುದು ಬೇಡ ಎನ್ನುವುದು ಇದಕ್ಕೇ. ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯಲ್ಲಿ ರಕ್ತಸ್ರಾವವಾದರೆ ತಲೆನೋವಿನ ಜೊತೆಗೆ ಕಣ್ಣೂ ಮಂಜಾಗಬಹುದು.

ಮಲೆನಾಡಿನಲ್ಲಿ ಇನ್ನೊಂದನ್ನೂ ಕೇಳಲೇಬೇಕು: ಜ್ವರ ಇದೆಯಾ, ಕಾಡಿಗೆ ಹೋಗಿದ್ರಾ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಕಾಯಿಲೆ ಬಂತು. ಮಂಗನ ಕಾಯಿಲೆಯ ಶುರು ಕೂಡ ಹಠಾತ್ತಾದದ್ದೇ. ಚಳಿಜ್ವರ, ಹಣೆ ಒಡೆದುಹೋಗುವ ಹಾಗೆ ನೋವು. ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರದ ಮೇಲೆ ಮತ್ತೆ ಬಂದು, ಕುತ್ತಿಗೆಯೂ ಸೆಟೆಯುತ್ತದೆ. ದರಕು (ಒಣಎಲೆ) ಗುಡಿಸಲು, ಸೌದೆಗೆ ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಬರುವ ಈ ಕಾಯಿಲೆಗೆ ರಕ್ತಪರೀಕ್ಷೆ ಬೇಕು. ಸಿಡಿಲು ತಲೆನೋವಿಗೆ ಬೇಕಾದದ್ದು ಸ್ಕ್ಯಾನ್, ಅದೂ ಬೇಗ.

ಎಷ್ಟು ಬೇಗ ಎನ್ನುವುದಕ್ಕೆ 2011ರಲ್ಲಿ ಲೆಕ್ಕ ಸಿಕ್ಕಿತು. ಕೆನಡಾದ ವೈದ್ಯರು ಹಠಾತ್ ತಲೆನೋವಿನ 3,132 ಜನರನ್ನು ನೋಡಿದರು. ನೋವು ಶುರುವಾದ ಆರು ಗಂಟೆಯೊಳಗೆ ಸಿಟಿ ಮಾಡಿದವರಲ್ಲಿ ಒಂದು ರಕ್ತಸ್ರಾವವೂ ಕಣ್ತಪ್ಪಲಿಲ್ಲ. ಆಮೇಲೆ ಮಾಡಿದವರಲ್ಲಿ ನೂರು ರಕ್ತಸ್ರಾವಕ್ಕೆ ಸುಮಾರು 14 ಕಣ್ತಪ್ಪಿದವು. ಹೊಸನಗರದ ಒಳಗಿನ ಹಳ್ಳಿಯಲ್ಲಿ, ಜುಲೈ ಮಳೆಯಲ್ಲಿ, ಜೀಪು ಹುಡುಕುವುದಕ್ಕೇ ಎರಡು ಗಂಟೆ ಹೋಗುತ್ತದೆ. ಉಳಿದದ್ದರಲ್ಲಿ ಶಿವಮೊಗ್ಗ ಸೇರಬೇಕು, ಇಲ್ಲವೇ ಘಾಟಿ ಇಳಿದು ಮಣಿಪಾಲ ಸೇರಬೇಕು. 'ನಾಳೆ ಬೆಳಿಗ್ಗೆ ನೋಡೋಣ' ಎಂದರೆ ಆ ಆರು ಗಂಟೆ ಮುಗಿದೇ ಹೋಯಿತು.

ಎರಡನೇ ಸಲ ಬಡಿದಾಗ ಚಿಕ್ಕಮ್ಮನನ್ನು ನಾವು ನೇರ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಮೊದಲ ಸಿಟಿಯಲ್ಲಿ ಏನೂ ಕಾಣಲಿಲ್ಲ. ಅಲ್ಲಿನ ವೈದ್ಯೆ ಸ್ನಾನದ ವಿಷಯ ಕೇಳಿದವರೇ ರಕ್ತನಾಳದ ಸ್ಕ್ಯಾನ್ ಬರೆದರು. ಮಣಿಸರ ಕಂಡಿತು. ಮೂರು ತಿಂಗಳ ಮೇಲೆ ಮತ್ತೆ ತೆಗೆದಾಗ ನಾಳಗಳೆಲ್ಲ ನೆಟ್ಟಗಾಗಿದ್ದವು. ಈಗ ಚಿಕ್ಕಮ್ಮ ಉಗುರುಬೆಚ್ಚಗಿನ ನೀರಲ್ಲಿ ಮೀಯುತ್ತಾರೆ. ಬಚ್ಚಲಿನ ಚಿಲಕ ಮಾತ್ರ ಹಾಕಿಕೊಳ್ಳುವುದಿಲ್ಲ.