ಒಂದೇ ಕೆಲಸ, ಬೇರೆ ಬೇರೆ ಸಂಬಳ: ವೇತನ ಚೌಕಾಸಿಯ ನೂರು ವರ್ಷ

ತೈಲ ಶುದ್ಧೀಕರಣ ಘಟಕದಲ್ಲಿ ನೆಲ ಒರೆಸುವವರ ಕೆಲಸಕ್ಕೂ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ನೆಲ ಒರೆಸುವವರ ಕೆಲಸಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸಂಬಳದಲ್ಲಿ ಮಾತ್ರ ಇದೆ. ನುರಿತವರಿಗೆ ಕೈತುಂಬ ಕೊಡುವ ಉದ್ಯಮ ಕೂಲಿಯಾಳಿಗೂ ಹೆಚ್ಚು ಕೊಡುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಸಮ್ನರ್ ಸ್ಲಿಕ್ಟರ್ 1950ರಲ್ಲೇ ಗಮನಿಸಿದ್ದರು. 1988ರಲ್ಲಿ ಅಲನ್ ಕ್ರೂಗರ್ ಮತ್ತು ಲಾರೆನ್ಸ್ ಸಮರ್ಸ್ ಓದು, ವಯಸ್ಸು, ಕಸುಬು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ನೋಡಿದರು. ಅಂತರ ಕರಗಲಿಲ್ಲ. ಸಂಘಕ್ಕೆ ಸೇರದ ಕಾರ್ಮಿಕರಲ್ಲೂ ಅದೇ ಏರಿಳಿತ ಕಂಡಿತು. ಹಾಗಾಗಿ ಇದನ್ನೆಲ್ಲ ಕಾರ್ಮಿಕ ಸಂಘಗಳ ತಲೆಗೆ ಕಟ್ಟುವಂತಿಲ್ಲ.

ಆದರೆ ಅಂತರ ಎಷ್ಟು ಅಗಲವಾಗಿರುತ್ತದೆ ಎಂಬುದು ಬೇರೆಯೇ ಪ್ರಶ್ನೆ. ತೈಲ, ರಾಸಾಯನಿಕ ಉದ್ಯಮಗಳು ಮೇಲೆ, ಬಟ್ಟೆ, ಚರ್ಮ, ಹೋಟೆಲುಗಳು ಕೆಳಗೆ ಎಂಬ ಕ್ರಮ ಬಹುತೇಕ ಶ್ರೀಮಂತ ದೇಶಗಳಲ್ಲಿ ಒಂದೇ ತೆರನಾಗಿದೆ. ಮೆಟ್ಟಿಲುಗಳ ಎತ್ತರ ಮಾತ್ರ ಬೇರೆ ಬೇರೆ. ಅಮೆರಿಕದಲ್ಲಿ ಆಳೆತ್ತರ, ಸ್ವೀಡನ್ನಿನಲ್ಲಿ ಗೇಣುದ್ದ. ಚೌಕಾಸಿ ನಡೆದದ್ದು ಕಾರ್ಖಾನೆಯ ಗೇಟಿನೊಳಗೋ, ಇಡೀ ಉದ್ಯಮದ ಮಟ್ಟದಲ್ಲೋ, ಇಡೀ ದೇಶಕ್ಕೆ ಒಟ್ಟಾಗಿಯೋ ಎಂಬುದರಲ್ಲಿ ಈ ವ್ಯತ್ಯಾಸದ ದೊಡ್ಡ ಪಾಲು ಅಡಗಿದೆ.

ಸ್ವೀಡನ್ನಿನ ಕಥೆಯನ್ನು ಸಾಮಾನ್ಯವಾಗಿ ಕಾರ್ಮಿಕರ ಗೆಲುವು ಎಂದೇ ಹೇಳಲಾಗುತ್ತದೆ. ಅದು ಅರ್ಧ ಸತ್ಯ. 1930ರ ದಶಕದಲ್ಲಿ ಅಲ್ಲಿ ಕಟ್ಟಡ ಕಾರ್ಮಿಕರ ಕೂಲಿ ಲೋಹ ಕಾರ್ಮಿಕರದಕ್ಕಿಂತ ಬಹಳ ಮೇಲಿತ್ತು. ಮನೆ ಕಟ್ಟುವವನಿಗೆ ವಿದೇಶಿ ಪೈಪೋಟಿಯಿಲ್ಲ. ಯಂತ್ರ ತಯಾರಿಸಿ ರಫ್ತು ಮಾಡುವವನು ಜಗತ್ತಿನ ಬೆಲೆಗೆ ತಲೆಬಾಗಲೇಬೇಕು. 1933ರಲ್ಲಿ ಶುರುವಾದ ಕಟ್ಟಡ ಕಾರ್ಮಿಕರ ಮುಷ್ಕರ ತಿಂಗಳುಗಟ್ಟಲೆ ಎಳೆದಾಗ, ಕಾರ್ಮಿಕ ಸಂಘಗಳ ಮಹಾ ಒಕ್ಕೂಟ ಎಲ್ಒ ತನ್ನದೇ ಸದಸ್ಯ ಸಂಘದ ಮೇಲೆ ಒತ್ತಡ ಹೇರಿ 1934ರಲ್ಲಿ ಅದನ್ನು ಮುಗಿಸಿತು. ರಫ್ತು ಉದ್ಯಮದ ಮಾಲೀಕರಿಗೂ ಅಲ್ಲಿನ ಕಾರ್ಮಿಕರಿಗೂ ಬೇಕಾಗಿದ್ದದ್ದು ಒಂದೇ: ಕಟ್ಟಡದವರ ಕೂಲಿಗೆ ಲಗಾಮು. ವೇತನ ಸಮಾನತೆಯ ಬೀಜದಲ್ಲಿ ಮಾಲೀಕರ ಸ್ವಾರ್ಥವೂ ಸೇರಿತ್ತು ಎಂಬುದು ನನಗೆ ಈ ಇತಿಹಾಸದ ಅತ್ಯಂತ ಸ್ವಾರಸ್ಯದ ಭಾಗ. 1938ರಲ್ಲಿ ಸ್ಟಾಕ್‌ಹೋಮ್ ಬಳಿಯ ಸಾಲ್ಟ್‌ಶೋಬಾಡೆನ್‌ನಲ್ಲಿ ಎಲ್ಒ ಮತ್ತು ಮಾಲೀಕರ ಒಕ್ಕೂಟ ಮೂಲ ಒಪ್ಪಂದಕ್ಕೆ ಸಹಿ ಹಾಕಿದವು.

1951ರಲ್ಲಿ ಎಲ್ಒದ ಅರ್ಥಶಾಸ್ತ್ರಜ್ಞರಾದ ಯೋಸ್ತಾ ರೇನ್ ಮತ್ತು ರುಡಾಲ್ಫ್ ಮೇಯ್ಡ್‌ನರ್ ಇದಕ್ಕೊಂದು ತರ್ಕ ಕೊಟ್ಟರು. ಕಂಪನಿಗೆ ಲಾಭವಿರಲಿ ಬಿಡಲಿ, ಒಂದೇ ಕೆಲಸಕ್ಕೆ ಒಂದೇ ಸಂಬಳ. ಆ ಸಂಬಳ ಕೊಡಲಾರದ ಕಂಪನಿ ಮುಚ್ಚಲಿ. ಕೆಲಸ ಕಳೆದುಕೊಂಡವರಿಗೆ ಸರ್ಕಾರ ತರಬೇತಿ ಕೊಟ್ಟು ಬೇರೆಡೆ ಸಾಗಿಸಲಿ. ಕೇಳಲು ಸಮಾಜವಾದ, ಪರಿಣಾಮದಲ್ಲಿ ನಿರ್ದಯವಾದ ಮಾರುಕಟ್ಟೆ. ಬಡ ಜವಳಿ ಗಿರಣಿಗಳು ಕಣ್ಮುಚ್ಚಿದವು. ದುಪ್ಪಟ್ಟು ಕೊಡಬಲ್ಲ ಕಂಪನಿಗಳು ಉಳಿದ ಹಣವನ್ನು ಲಾಭವಾಗಿ ಜೇಬಿಗಿಳಿಸಿಕೊಂಡವು. 1956ರಿಂದ ವೇತನವನ್ನು ಕೇಂದ್ರದಲ್ಲೇ ಕುಳಿತು ಮಾತಾಡುವ ಪದ್ಧತಿ ಗಟ್ಟಿಯಾಯಿತು. 1970ರ ದಶಕದ ಹೊತ್ತಿಗೆ ನುರಿತವರ ಮತ್ತು ನುರಿಯದವರ ಸಂಬಳವೂ ಹತ್ತಿರ ಬಂದಿತು. ಅಲ್ಲಿ ತಾಳ್ಮೆ ತಪ್ಪಿತು. 1983ರಲ್ಲಿ ಲೋಹ ಕಾರ್ಮಿಕರ ಸಂಘವೂ ಎಂಜಿನಿಯರಿಂಗ್ ಮಾಲೀಕರೂ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಕೇಂದ್ರ ಚೌಕಾಸಿಯಿಂದ ಹೊರನಡೆದರು. 1997ರ ಕೈಗಾರಿಕಾ ಒಪ್ಪಂದದ ನಂತರ ಇನ್ನೊಂದು ರೂಢಿ ಬಂದಿದೆ: ರಫ್ತು ಉದ್ಯಮ ಮೊದಲು ಏರಿಕೆಯ ಮಿತಿ ನಿಗದಿ ಮಾಡುತ್ತದೆ, ಉಳಿದವರು ಅದರ ಆಸುಪಾಸಿನಲ್ಲೇ ಪಟ್ಟು ಹಿಡಿಯುತ್ತಾರೆ.

ಅಮೆರಿಕ ಹಿಡಿದ ಹಾದಿ ಬೇರೆ. 1935ರ ವ್ಯಾಗ್ನರ್ ಕಾಯ್ದೆ ಸಂಘ ಕಟ್ಟುವ ಹಕ್ಕನ್ನು ಕೊಟ್ಟಿತಾದರೂ ಚೌಕಾಸಿ ಕಂಪನಿಯ, ಎಷ್ಟೋ ಕಡೆ ಒಂದೊಂದು ಘಟಕದ ಮಟ್ಟದಲ್ಲೇ ಉಳಿಯಿತು. 1950ರಲ್ಲಿ ಜನರಲ್ ಮೋಟಾರ್ಸ್ ಜೊತೆ ಮೋಟಾರು ಕಾರ್ಮಿಕರ ಸಂಘ ಮಾಡಿಕೊಂಡ ಐದು ವರ್ಷಗಳ ಒಪ್ಪಂದ ಪಿಂಚಣಿಯನ್ನೂ ಬೆಲೆಯೇರಿಕೆಗೆ ತಕ್ಕ ಭತ್ಯೆಯನ್ನೂ ತಂದಿತು. ಇತರ ಕಾರು ಕಂಪನಿಗಳೂ ಅದನ್ನೇ ಅನುಸರಿಸಿದವು. ಅದರ ನೆರಳು ದಕ್ಷಿಣದ ಜವಳಿ ಗಿರಣಿಗಳ ಮೇಲೆ ಬೀಳಲಿಲ್ಲ. ಅಲ್ಲಿ ಸಂಘ ಕಟ್ಟಲು 1946ರಲ್ಲಿ ಆರಂಭಿಸಿದ ದೊಡ್ಡ ಅಭಿಯಾನ ಸೋತಿತ್ತು. ಇಂದು ಖಾಸಗಿ ವಲಯದ ನೂರರಲ್ಲಿ ಸುಮಾರು ಆರು ಮಂದಿ ಮಾತ್ರ ಸಂಘದಲ್ಲಿದ್ದಾರೆ.

ಸದಸ್ಯತ್ವವೊಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಫ್ರಾನ್ಸಿನಲ್ಲಿ ಸಂಘ ಸೇರಿದವರು ನೂರಕ್ಕೆ ಸುಮಾರು ಹತ್ತು ಮಂದಿ. ಸಾಮೂಹಿಕ ಒಪ್ಪಂದದಡಿ ಬರುವವರು ತೊಂಬತ್ತಕ್ಕೂ ಹೆಚ್ಚು, ಏಕೆಂದರೆ ಒಪ್ಪಂದವನ್ನು ಇಡೀ ಉದ್ಯಮಕ್ಕೆ ವಿಸ್ತರಿಸುವ ಅಧಿಕಾರ ಸರ್ಕಾರಕ್ಕಿದೆ. ಆಸ್ಟ್ರೇಲಿಯಾ ಈ ಕೆಲಸವನ್ನು ನ್ಯಾಯಾಧೀಶರಿಗೆ ಒಪ್ಪಿಸಿತು. 1907ರ ಹಾರ್ವೆಸ್ಟರ್ ತೀರ್ಪಿನಲ್ಲಿ ನ್ಯಾಯಮೂರ್ತಿ ಹಿಗ್ಗಿನ್ಸ್ ದಿನಕ್ಕೆ ಏಳು ಶಿಲ್ಲಿಂಗ್ ನ್ಯಾಯಯುತ ಕೂಲಿ ಎಂದರು. ಅದು ಸಂಸಾರ ಸಾಕುವ ಗಂಡಸಿನ ಲೆಕ್ಕ. ಹೆಂಗಸರಿಗೆ ಮುಂದೆ ದಶಕಗಳ ಕಾಲ ಅದರ ಅರ್ಧಕ್ಕಿಂತ ತುಸು ಹೆಚ್ಚು ದಕ್ಕಿತಷ್ಟೆ.

ಜರ್ಮನಿಯಲ್ಲಿ ಉದ್ಯಮ ಮಟ್ಟದ ಒಪ್ಪಂದಕ್ಕೆ 1949ರ ಕಾಯ್ದೆಯ ಬೆಂಬಲವಿತ್ತು. ಅದನ್ನು ಒಡೆಯಲು ಕಾನೂನು ಮುರಿಯುವ ಅಗತ್ಯವೇ ಬೀಳಲಿಲ್ಲ. ದೊಡ್ಡ ಕಾರ್ಖಾನೆಯ ಕ್ಯಾಂಟೀನ್, ಕಾವಲು, ಸ್ವಚ್ಛತೆಯ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟರೆ ಸಾಕು. ಕೆಲಸಗಾರರು ಲೋಹ ಉದ್ಯಮದ ಒಪ್ಪಂದದಿಂದ ಹೊರಬೀಳುತ್ತಾರೆ. ಹಾಗೆ ಸ್ಥಳಾಂತರಗೊಂಡವರ ವೇತನ ಸುಮಾರು ಶೇ. 10ರಿಂದ 15ರಷ್ಟು ಕುಸಿಯಿತೆಂದು ಅಧ್ಯಯನ ತೋರಿಸಿದೆ. ಒಪ್ಪಂದಗಳ ವ್ಯಾಪ್ತಿ ಕುಗ್ಗುತ್ತ ಬಂದು, 2015ರಲ್ಲಿ ಆ ದೇಶ ಗಂಟೆಗೆ 8.50 ಯೂರೋಗಳ ರಾಷ್ಟ್ರೀಯ ಕನಿಷ್ಠ ವೇತನವನ್ನು ಮೊದಲ ಬಾರಿಗೆ ತರಬೇಕಾಯಿತು.

ಒಪ್ಪಂದಗಳ ವ್ಯಾಪ್ತಿ ಶೇ. 80ಕ್ಕಿಂತ ಕಡಿಮೆಯಿರುವ ದೇಶಗಳು ಅದನ್ನು ಹೆಚ್ಚಿಸುವ ಯೋಜನೆ ರೂಪಿಸಬೇಕೆಂದು ಯೂರೋಪಿಯನ್ ಒಕ್ಕೂಟ 2022ರಲ್ಲಿ ನಿರ್ದೇಶನ ಹೊರಡಿಸಿತು. ಅದನ್ನು ಗಟ್ಟಿಯಾಗಿ ವಿರೋಧಿಸಿದ್ದು ಡೆನ್ಮಾರ್ಕ್ ಮತ್ತು ಸ್ವೀಡನ್. ಎರಡೂ ಕಡೆ ಕನಿಷ್ಠ ವೇತನದ ಕಾನೂನೇ ಇಲ್ಲ, ಸಂಘಗಳಿಗೂ ಅದು ಬೇಡ: ಸಂಬಳವನ್ನು ಶಾಸಕರು ಗೊತ್ತುಮಾಡತೊಡಗಿದರೆ ತಮ್ಮ ಚೌಕಾಸಿಗೆ ಬೆಲೆ ಉಳಿಯುವುದಿಲ್ಲ ಎಂಬುದು ಅವುಗಳ ವಾದ.